ವಾಸಿಯಾಯ್ತಾ ಅಂತ ಕೇಳಬೇಡ, ಪುಟ್ಟಿ

ಪ್ರೀತಿಯ ಪುಟ್ಟಿ,

ಫೋನ್ ಮಾಡಿದಾಗಲೆಲ್ಲ ನೀನು ಮೊದಲು ಕೇಳುವುದು ಒಂದೇ ಮಾತು: "ಅಪ್ಪಾ, ಚರ್ಮದ್ದು ವಾಸಿಯಾಯ್ತಾ?" ನಾನು "ಪರವಾಗಿಲ್ಲ ಕಣೇ" ಅನ್ನುತ್ತೇನೆ. ನಿನಗೆ ಸಮಾಧಾನ ಆಗುವುದಿಲ್ಲ, ಅಮ್ಮನಿಗೆ ಕೊಡಿ ಅನ್ನುತ್ತೀಯ. ಅವಳು ರಾತ್ರಿಯೆಲ್ಲ ಕೆರೆದುಕೊಂಡಿದ್ದನ್ನು ಹೇಳಿಬಿಡುತ್ತಾಳೆ. ಆಮೇಲೆ ನನಗೆ ಬೈಗುಳ.

ನನಗಿರುವ ಈ ಸೋರಿಯಾಸಿಸ್ ವಾಸಿಯಾಗಿ ಹೋಗುವ ಕಾಯಿಲೆ ಅಲ್ಲ ಪುಟ್ಟಿ, ಹತೋಟಿಯಲ್ಲಿ ಇಟ್ಟುಕೊಳ್ಳುವ ಕಾಯಿಲೆ. ಬಿಪಿ ಇದ್ದವರನ್ನು ಯಾರೂ ವಾಸಿಯಾಯ್ತಾ ಅಂತ ಕೇಳುವುದಿಲ್ಲ, ಈಗ ಎಷ್ಟಿದೆ ಅಂತ ಕೇಳುತ್ತಾರೆ. ನನ್ನನ್ನೂ ಹಾಗೇ ಕೇಳು. ಇನ್ನೊಂದು ವಿಷಯ. ಮುಂದೆ ಯಾವತ್ತಾದರೂ ನಾನು ಆಸ್ಪತ್ರೆಯಲ್ಲಿ ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ನನ್ನ ಪರವಾಗಿ ಮಾತಾಡಬೇಕಾದವಳು ನೀನೇ. ನಿಮ್ಮಮ್ಮ ಗಾಬರಿಯಾದರೆ ಮಾತ್ರೆಯ ಹೆಸರಿರಲಿ, ನನ್ನ ಹೆಸರನ್ನೂ ಮರೆಯುತ್ತಾಳೆ. ಅದಕ್ಕೇ ಈ ಉದ್ದದ ಪತ್ರ.

ಸೋರಿಯಾಸಿಸ್ ರಕ್ತ ಕೆಟ್ಟು ಬರುವುದಲ್ಲ, ಕೊಳಕಿನಿಂದ ಬರುವುದೂ ಅಲ್ಲ. ಮುಟ್ಟಿದರೆ ಅಂಟುವುದಿಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಸುಮ್ಮಸುಮ್ಮನೆ ಕೆರಳಿ ಚರ್ಮಕ್ಕೆ ಅವಸರ ಹಚ್ಚುತ್ತದೆ. ಚರ್ಮದ ಹೊಸ ಜೀವಕೋಶ ಕೆಳಗಿನಿಂದ ಮೇಲೆ ಬಂದು ಉದುರಲು ಸಾಮಾನ್ಯವಾಗಿ ಒಂದು ತಿಂಗಳಷ್ಟು ಬೇಕು. ಈ ಕಾಯಿಲೆ ಇರುವ ಜಾಗದಲ್ಲಿ ಅದೆಲ್ಲ 3-5 ದಿನದಲ್ಲೇ ಮುಗಿಯುತ್ತದೆ. ಇಳಿಯುವವರು ಇಳಿಯುವ ಮೊದಲೇ ಹತ್ತುವವರು ನುಗ್ಗಿದ ಬಸ್ಸಿನ ಹಾಗೆ. ಅದಕ್ಕೇ ಆ ಕೆಂಪು ದಪ್ಪ ಪಟ್ಟೆ, ಮೇಲೆ ಬಿಳಿ ಹೊಟ್ಟು.

ಹಿಂದಿನ ಕಾಲದಲ್ಲಿ ಇದನ್ನು ಕುಷ್ಠದ ಜೊತೆ ಸೇರಿಸಿ ಎಷ್ಟೋ ಜನರನ್ನು ದೂರ ಇಡುತ್ತಿದ್ದರು. ಎರಡೂ ಬೇರೆಬೇರೆ ಅಂತ ವಿಯೆನ್ನಾದ ವೈದ್ಯ ಫರ್ಡಿನಾಂಡ್ ವಾನ್ ಹೆಬ್ರಾ ಬಿಡಿಸಿ ಹೇಳಿದ್ದು 1841ರಲ್ಲಿ. ಇದೊಂದು ಗಂಭೀರ, ದೀರ್ಘಕಾಲದ, ಅಂಟದ ಕಾಯಿಲೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ನಿರ್ಣಯ ಮಾಡಿದ್ದು 2014ರಲ್ಲಿ. ಆದರೂ ನನ್ನ ಮೊಣಕೈ ನೋಡಿ ಕೈಕುಲುಕಲು ಹಿಂದೆಮುಂದೆ ನೋಡುವವರು ಈಗಲೂ ಸಿಗುತ್ತಾರೆ. ಮೊದಲೆಲ್ಲ ನಿಂತು ವಿವರಿಸುತ್ತಿದ್ದೆ. ಈಗ ವಿವರಿಸುವುದಿಲ್ಲ. ಬೇಕಿದ್ದರೆ ಕುಲುಕಲಿ, ಬೇಡದಿದ್ದರೆ ಬಿಡಲಿ. ವಯಸ್ಸಾದ ಮೇಲೆ ಸಿಗುವ ಕೆಲವೇ ಲಾಭಗಳಲ್ಲಿ ಇದೂ ಒಂದು.

ನಷ್ಟಗಳ ಪಟ್ಟಿ ಮಾತ್ರ ಉದ್ದ ಇದೆ. ವಯಸ್ಸಾದಂತೆ ಚರ್ಮದಲ್ಲಿ ಎಣ್ಣೆಯಂಶ ಕಡಿಮೆಯಾಗುತ್ತದೆ, ಚರ್ಮ ತೆಳುವಾಗುತ್ತದೆ. ಹಳೆಯ ಕಾಯಿಲೆ ಅಲ್ಲೇ ಇದ್ದು ಅದರ ಮೇಲೆ ಈ ಒಣಗುವಿಕೆಯೂ ಸೇರಿಕೊಂಡಿದೆ. ಹೋದ ಸಲ ಬಂದಾಗ ನನ್ನ ಮುಂಗೈ ಮೇಲಿನ ನೇರಳೆ ಕಲೆಗಳನ್ನು ನೋಡಿ ಎಲ್ಲಿ ಬಿದ್ರಿ ಅಂತ ಕೇಳಿದೆಯಲ್ಲ, ಎಲ್ಲೂ ಬಿದ್ದಿರಲಿಲ್ಲ. ಬಾಗಿಲ ಚಿಲಕ ಸ್ವಲ್ಪ ಸವರಿದರೂ ಸಾಕು, ಒಳಗಿನ ಸಣ್ಣ ರಕ್ತನಾಳ ಒಡೆದು ಹಾಗೆ ಕಲೆ ಬೀಳುತ್ತದೆ. ಬಿಸಿಲು ಬಿದ್ದ ಹಳೆಯ ಚರ್ಮಕ್ಕೆ ಅದು ಮಾಮೂಲು. ವರ್ಷಗಟ್ಟಲೆ ಹಚ್ಚಿದ ಸ್ಟೀರಾಯ್ಡ್ ಮುಲಾಮಿನಿಂದ ಇನ್ನೂ ಬೇಗ ಆಗುತ್ತದೆ. ಅಷ್ಟೇ ಆಗಿದ್ದರೆ ಹೆದರಬೇಕಾಗಿಲ್ಲ. ಆದರೆ ನಾನೀಗ ತೆಗೆದುಕೊಳ್ಳುವ ಮಾತ್ರೆಯ ಕಾರಣಕ್ಕೆ (ಅದರ ವಿಷಯ ಮುಂದೆ ಬರೆದಿದ್ದೇನೆ), ಕಾಲು ಹೊಟ್ಟೆ ಎಲ್ಲ ಕಡೆ ಕಲೆ ಬೀಳತೊಡಗಿದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು.

ಅತ್ಯಂತ ಕಷ್ಟದ್ದು ನವೆ. ನೋವನ್ನಾದರೂ ಜನ ಗೌರವಿಸುತ್ತಾರೆ, ನವೆಯನ್ನು ಕಂಡರೆ ನಗುತ್ತಾರೆ. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಹಾಸಿಗೆಯಲ್ಲಿ ಚರ್ಮ ಬೆಚ್ಚಗಾಗುತ್ತದೆ, ಉರಿಯೂತವನ್ನು ತಗ್ಗಿಸುವ ಕಾರ್ಟಿಸಾಲ್ ಹಾರ್ಮೋನ್ ಕೂಡ ಆ ಹೊತ್ತಿನಲ್ಲಿ ಇಳಿದಿರುತ್ತದೆ, ಮನಸ್ಸಿಗೆ ಬೇರೆ ಕೆಲಸ ಇರುವುದಿಲ್ಲ. ಉಗುರು ತಾನಾಗೇ ಮೊಣಕಾಲಿಗೆ ಹೋಗುತ್ತದೆ. ಹೊಟ್ಟು ಎದ್ದ ಕಡೆ ಸೂಜಿಮೊನೆಯಷ್ಟು ರಕ್ತ ಅಲ್ಲಲ್ಲಿ ಜಿನುಗುತ್ತದೆ. ಬೆಳಿಗ್ಗೆ ಎದ್ದು ಹಾಸಿಗೆ ಕೊಡವುವ ಕೆಲಸವನ್ನು ನಾನೇ ಮಾಡುತ್ತೇನೆ, ನಿಮ್ಮಮ್ಮನಿಗೆ ಬಿಡುವುದಿಲ್ಲ. ಅವಳು ಬೇಡ ಅನ್ನುತ್ತಾಳೆ, ನಾನು ಕೇಳುವುದಿಲ್ಲ.

ನಿದ್ದೆ ಬರಲಿ ಅಂತ ಯಾರಾದರೂ ಹಳೆಯ ಕಾಲದ ಅಲರ್ಜಿ ಮಾತ್ರೆ ಕೊಡಲು ಬಂದರೆ ನೀನು ತಡೆ. ಮಂಪರು ತರಿಸುವ ಆ ಮಾತ್ರೆಗಳಿಂದ ವಯಸ್ಸಾದವರಿಗೆ ತಲೆ ಮಂಕಾಗುತ್ತದೆ, ಮೂತ್ರ ಕಟ್ಟಬಹುದು, ರಾತ್ರಿ ಬಾತ್‌ರೂಮಿಗೆ ಹೋಗುವಾಗ ಬಿದ್ದು ಸೊಂಟ ಮುರಿಯಬಹುದು. ಚರ್ಮದ ಮೇಲೆ ಏನೂ ಕಾಣದೆ ಮೈಯೆಲ್ಲ ನವೆ ಶುರುವಾದರೆ ಅದನ್ನೂ ನನ್ನ ಹಳೆಯ ಲೆಕ್ಕಕ್ಕೆ ಬರೆಯಬೇಡ. ಕಿಡ್ನಿ, ಲಿವರ್, ಥೈರಾಯ್ಡ್, ಕಬ್ಬಿಣದ ಕೊರತೆ, ಎಲ್ಲದರಿಂದಲೂ ನವೆ ಬರುತ್ತದೆ. ರಕ್ತಪರೀಕ್ಷೆ ಮಾಡಿಸಲೇಬೇಕು.

ನನಗೆ ನಿಜವಾಗಿ ಉಪಕಾರ ಮಾಡಿರುವುದು ತೀರಾ ಸಾದಾ ಸಂಗತಿಗಳು. ಉಗುರುಬೆಚ್ಚಗಿನ ನೀರು, ಬೇಗ ಮುಗಿಯುವ ಸ್ನಾನ. ಟವೆಲ್‌ನಿಂದ ಉಜ್ಜದೆ ಒತ್ತಿಕೊಂಡು, ಮೈಯಲ್ಲಿ ಪಸೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿಕೊಳ್ಳುವುದು. ಸುಡುಸುಡು ನೀರು ಹೊಯ್ದುಕೊಂಡರೆ ನವೆಗೆ ಆ ಕ್ಷಣ ಸ್ವರ್ಗ, ಒಂದು ಗಂಟೆ ಬಿಟ್ಟು ನರಕ. ಔಷಧದ ಮುಲಾಮಿಗೆ ಮಾತ್ರ ಅಳತೆ ಇದೆ. ತೋರುಬೆರಳಿನ ತುದಿಗೆ ಹತ್ತಿರದ ಗೆರೆಯಿಂದ ತುದಿವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಈ ಅಳತೆ ಗೊತ್ತಿಲ್ಲದೆ ಕೆಲವರು ಬಳಿಯುತ್ತಾರೆ, ಕೆಲವರು ಹೆದರಿ ಸವರಿಯೂ ಸವರದ ಹಾಗೆ ಬಿಡುತ್ತಾರೆ.

ಈಗ ತೊಂದರೆ ಇರುವುದು ಹಚ್ಚುವುದರಲ್ಲೇ. ಬೆರಳ ಕೀಲುಗಳು ಬೆಳಿಗ್ಗೆ ಬಿಗಿದುಕೊಂಡಿರುತ್ತವೆ. ಟ್ಯೂಬಿನ ಮುಚ್ಚಳಕ್ಕೆ ಬಟ್ಟೆ ಸುತ್ತಿ ತಿರುಗಿಸಬೇಕು, ಅಂಗಿಯ ಗುಂಡಿ ಹಾಕುವಷ್ಟರಲ್ಲಿ ತಾಳ್ಮೆ ಮುಗಿಯುತ್ತದೆ. ಇದನ್ನು ನಾನು ವಯಸ್ಸಿಗೆ ಬಂದ ಕೀಲುನೋವು ಅಂದುಕೊಂಡಿದ್ದೆ. ಉಗುರಿನ ಮೇಲಿನ ಸಣ್ಣ ಸಣ್ಣ ಗುಳಿಗಳನ್ನು ನೋಡಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಕೀಲಿನ ಬಗ್ಗೆಯೇ. ಸೋರಿಯಾಸಿಸ್ ಇರುವ ನೂರು ಜನರಲ್ಲಿ 30 ಜನರವರೆಗೆ ಕೀಲಿಗೂ ಇಳಿಯುತ್ತದಂತೆ. ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಉಳಿಯುವ ಬೆಳಗಿನ ಬಿಗಿತ, ಬುಡದಿಂದ ತುದಿವರೆಗೆ ಊದಿದ ಬೆರಳು, ಹಿಮ್ಮಡಿ ನೋವು, ಇವೆಲ್ಲ ಅದರ ಗುರುತು. ಸುಮ್ನೆ ಬಿಟ್ಟರೆ ಕೀಲು ಸವೆದು ಸೊಟ್ಟಗಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಬೆನ್ನಿಗೆ ನಿಮ್ಮಮ್ಮನೇ ಹಚ್ಚುತ್ತಾಳೆ. ಕೈಗೆ ಎಟುಕದ ಜಾಗ ಅಷ್ಟು ದೊಡ್ಡದಿರುತ್ತದೆ ಅಂತ ಒಂದು ವಯಸ್ಸಿನವರೆಗೆ ಗೊತ್ತೇ ಆಗುವುದಿಲ್ಲ.

ಇನ್ನು ಮಾತ್ರೆಗಳ ವಿಷಯ. ಇದನ್ನು ಎರಡು ಸಲ ಓದು. ಕೆರಳಿದ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ನಾನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವುದು. ದಿನಾ ಅಲ್ಲ. ಗೊತ್ತಿಲ್ಲದೆ ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ಬೇರೆಬೇರೆ ದೇಶಗಳಲ್ಲಿ ಇದೇ ತಪ್ಪಿನಿಂದ ಜನ ಸತ್ತಿದ್ದಾರೆ. ನಮ್ಮ ದಿನ ಭಾನುವಾರ, ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಅದರ ಅಡ್ಡಪರಿಣಾಮ ತಗ್ಗಿಸುವ ಫೋಲಿಕ್ ಆಸಿಡ್ ಬೇರೆ ದಿನ. ನಾನು ನುಂಗಲಾಗದೆ ಒದ್ದಾಡಿದರೂ ನೀನು ಆ ಮಾತ್ರೆಯನ್ನು ಪುಡಿ ಮಾಡಬೇಡ. ಹೊಟ್ಟೆಯಲ್ಲಿರುವ ಮಗುವಿಗೆ ಅದು ಹಾನಿ ಮಾಡುವ ಔಷಧ, ನಿನ್ನ ವಯಸ್ಸಿನವರು ಅದರ ಪುಡಿ ಮುಟ್ಟದಿರುವುದೇ ಒಳ್ಳೆಯದು. ಬಾಯಿಹುಣ್ಣು, ಜ್ವರ, ಒಣಕೆಮ್ಮು, ಉಸಿರಾಟದ ತೊಂದರೆ, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಭಾನುವಾರಕ್ಕೆ ಕಾಯದೆ ಡಾಕ್ಟರನ್ನು ಕೇಳು.

ಈ ಔಷಧ ಮೈಯಿಂದ ಹೊರಹೋಗುವುದು ಕಿಡ್ನಿಯ ಮೂಲಕ. ವಯಸ್ಸಾದಂತೆ ಕಿಡ್ನಿಯ ಕೆಲಸ ನಿಧಾನವಾಗುತ್ತದೆ. ಹಾಗಾಗಿ ಹಳೆಯ ಡೋಸೇ ಈಗ ಜಾಸ್ತಿಯಾಗಬಹುದು. ಲಿವರ್, ಕಿಡ್ನಿ, ರಕ್ತದ ಕಣಗಳ ಪರೀಕ್ಷೆ ತಪ್ಪಿಸುವಂತಿಲ್ಲ. ಮಂಡಿನೋವು ಅಂತ ನಾನು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದರೆ ಬೈ, ಅದರಿಂದಲೂ ಔಷಧ ಮೈಯಲ್ಲೇ ಉಳಿದುಕೊಳ್ಳಬಹುದು. ಟ್ರೈಮೆಥೊಪ್ರಿಂ ಇರುವ ಆಂಟಿಬಯೋಟಿಕ್ ಅಂತೂ ಇದರ ಜೊತೆ ಬೇಡವೇ ಬೇಡ. ಮೂತ್ರದ ಸೋಂಕಿಗೆ ಅದನ್ನು ಬರೆಯುವುದುಂಟು. ಬರೆಯುವವರಿಗೆ ನನ್ನ ಭಾನುವಾರದ ಮಾತ್ರೆಯ ವಿಷಯ ಗೊತ್ತಿರುವುದಿಲ್ಲ, ಹೇಳಬೇಕಾದವರು ನಾವು. ಬಿಪಿಗೆ ಕೊಡುವ ಕೆಲವು ಬೀಟಾ ಬ್ಲಾಕರ್‌ಗಳಿಂದ, ಮನೋರೋಗಕ್ಕೆ ಕೊಡುವ ಲಿಥಿಯಂನಿಂದ, ಮಲೇರಿಯಾದ ಕೆಲವು ಔಷಧಗಳಿಂದ ಕೆಲವರಿಗೆ ಸೋರಿಯಾಸಿಸ್ ಕೆರಳುತ್ತದೆ. ಹಾಗಂತ ಯಾವುದನ್ನೂ ನೀನಾಗೇ ನಿಲ್ಲಿಸಬೇಡ, ಡಾಕ್ಟರಿಗೆ ಹೇಳು ಸಾಕು. ಒಬ್ಬರು ಹೃದಯ ನೋಡುತ್ತಾರೆ, ಒಬ್ಬರು ಚರ್ಮ, ಒಬ್ಬರು ಮಂಡಿ. ಪೂರ್ತಿ ಮನುಷ್ಯನನ್ನು ನೋಡುವವರು ಮನೆಯವರೇ.

ಯಾವ ಕಾರಣಕ್ಕೇ ಆಗಲಿ ಅಡ್ಮಿಟ್ ಮಾಡಿದರೆ ಎರಡು ಮಾತು ಹೇಳಿಬಿಡು. ಒಂದು, ಚರ್ಮಕ್ಕೆ ಗಾಯವಾದ ಕಡೆ ಹೊಸ ಪಟ್ಟೆ ಏಳುತ್ತದೆ. ಜರ್ಮನಿಯ ಹೈನ್ರಿಷ್ ಕೋಬ್ನರ್ 19ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದ. ಪ್ಲಾಸ್ಟರ್ ಅಂಟಿಸುವಾಗ, ಕೀಳುವಾಗ ಮೆಲ್ಲಗೆ ಅನ್ನು. ಎರಡು, ಸ್ಟೀರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ಕೊಡಲೇಬೇಕಾದರೆ ಚರ್ಮದ ಡಾಕ್ಟರಿಗೂ ಒಂದು ಮಾತು ತಿಳಿಸಲಿ. ಕೊಡುವಾಗ ಚರ್ಮ ಹೊಳೆಯುತ್ತದೆ, ಥಟ್ಟನೆ ನಿಲ್ಲಿಸಿದಾಗ ಮೈಯೆಲ್ಲ ಕೆರಳಿ ಕೀವುಗುಳ್ಳೆ ಏಳುವ ಅಪಾಯ ಇದೆ. ಮೈ ಪೂರ್ತಿ ಕೆಂಪಾಗಿ, ಚಳಿ ಹುಟ್ಟಿ ನಡುಗತೊಡಗಿದರೆ ಮುಲಾಮು ಹುಡುಕುತ್ತಾ ಕೂರಬೇಡ, ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗು.

ಇನ್ನು ನೀನು ಕಳಿಸುವ ವಾಟ್ಸಾಪ್ ಔಷಧಗಳು. ನಿನ್ನ ಪ್ರೀತಿ ಅರ್ಥ ಆಗುತ್ತದೆ, ಆದರೆ "ಬುಡಸಮೇತ ಗುಣ" ಅನ್ನುವುದನ್ನು ಮಾತ್ರ ಕಳಿಸಬೇಡ. 1786ರಲ್ಲಿ ಇಂಗ್ಲೆಂಡಿನ ಥಾಮಸ್ ಫೌಲರ್ ಅನ್ನುವ ವೈದ್ಯ ಪಾಷಾಣದ, ಅಂದರೆ ಆರ್ಸೆನಿಕ್ ವಿಷದ, ದ್ರಾವಣವೊಂದನ್ನು ಬಳಕೆಗೆ ತಂದ. ಅದನ್ನು ನೂರು ವರ್ಷಕ್ಕೂ ಮೇಲೆ ಸೋರಿಯಾಸಿಸ್‌ಗೆ ಕುಡಿಸಿದರು. ಹೊಟ್ಟು ಕಡಿಮೆಯಾಗುತ್ತಿತ್ತು, ಜನ ಖುಷಿಪಟ್ಟರು. ವರ್ಷಗಳು ಕಳೆದ ಮೇಲೆ ಅದೇ ಜನರ ಅಂಗೈ ಅಂಗಾಲಲ್ಲಿ ಗಂಟು, ಚರ್ಮದ ಕ್ಯಾನ್ಸರ್. ಹೆಸರಿಲ್ಲದ ಡಬ್ಬಿಯ ಮುಲಾಮು ವಾರದಲ್ಲಿ ಪವಾಡ ಮಾಡಿದರೆ ನನಗೆ ಬರುವ ಮೊದಲ ಅನುಮಾನ ಒಳಗೆ ಯಾವ ಸ್ಟೀರಾಯ್ಡ್ ಬೆರೆಸಿದ್ದಾರೋ ಅಂತ.

ನೀನು ಬಾಯಿಬಿಟ್ಟು ಕೇಳದ ಪ್ರಶ್ನೆಯೂ ನನಗೆ ಗೊತ್ತು. ನಿನಗೂ ಬರುತ್ತಾ? ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ನಿಜ. ಆದರೆ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಒಂದೇ ಅಚ್ಚಿನ ಅವಳಿಗಳಲ್ಲೂ ಒಬ್ಬರಿಗಿದ್ದು ಇನ್ನೊಬ್ಬರಿಗೆ ಇಲ್ಲದಿರುವುದುಂಟು. ಸಿಗರೇಟು ಹತ್ತಿರ ಸೇರಿಸಬೇಡ, ತೂಕದ ಮೇಲೆ ಕಣ್ಣಿಡು. ಗಂಟಲು ಸೋಂಕಾಗಿ ಎರಡು ಮೂರು ವಾರದಲ್ಲಿ ಮೈಮೇಲೆ ಹನಿಹನಿಯಾಗಿ ಕೆಂಪು ಗುಳ್ಳೆ ಎದ್ದರೆ ಹೋಗಿ ತೋರಿಸು. ಅದಕ್ಕಿಂತ ಜಾಸ್ತಿ ಯೋಚನೆ ಬೇಡ. ಬಂದರೂ ನನ್ನ ಕಾಲದ ಹಾಗಿಲ್ಲ, ಉರಿಯೂತದ ಒಂದೊಂದು ಕೊಂಡಿಯನ್ನೇ ಹಿಡಿದು ತಡೆಯುವ ಇಂಜೆಕ್ಷನ್‌ಗಳು ಈಗ ಇವೆ.

ಮನಸ್ಸು ಹೇಗಿದೆ ಅಂತ ನೀನು ಕೇಳುತ್ತಿರುತ್ತೀಯ. ಕೆಲವು ದಿನ ಚೆನ್ನಾಗಿರುವುದಿಲ್ಲ. ಈ ಕಾಯಿಲೆಯವರಲ್ಲಿ ಖಿನ್ನತೆ ಜಾಸ್ತಿ ಅಂತ ಡಾಕ್ಟರೇ ಹೇಳಿದರು, ನಾಚಿಕೆ ಪಡದೆ ಹೇಳಿ ಅಂದರು. ಹಾಗಾಗಿ ಹೇಳುತ್ತಿದ್ದೇನೆ. ಆ ದಿನಗಳಲ್ಲಿ ಉಪದೇಶ ಬೇಡ, ಆಫೀಸಿನ ಸುದ್ದಿ ಏನಾದರೂ ಹೇಳು.

ಒಂದು ವಿಷಯ ಬಿಟ್ಟೇಹೋಗಿತ್ತು. ಈ ಮುಲಾಮು, ಜೆಲ್ಲಿ ಎಲ್ಲ ಬಟ್ಟೆಗೆ ಇಳಿದು ಒಣಗಿದರೆ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ತೊಳೆದರೂ ಪೂರ್ತಿ ಹೋಗುವುದಿಲ್ಲ. ಒಲೆಯ ಹತ್ತಿರ ನಾನು ಹೋದರೆ ಈಚೆ ಕಳಿಸು ಅಂತ ನಿಮ್ಮಮ್ಮನಿಗೆ ನೀನೂ ಒಮ್ಮೆ ಹೇಳು, ನಾನು ಹೇಳಿದರೆ ಕೆಲಸ ತಪ್ಪಿಸಿಕೊಳ್ಳುವ ನೆಪ ಅನ್ನುತ್ತಾಳೆ.

ಮಾತ್ರೆಗಳ ಪಟ್ಟಿಯ ಫೋಟೋ ಸಂಜೆ ಕಳಿಸುತ್ತೇನೆ, ಫೋನಲ್ಲಿ ಇಟ್ಟುಕೋ. ಬರುವಾಗ ಮುಲಾಮು ತರುತ್ತೇನೆ ಅಂದಿದ್ದೆಯಲ್ಲ, ಆಯಿಂಟ್‌ಮೆಂಟ್ ತಾ, ಕ್ರೀಂ ಬೇಡ. ಹೆಸರಿನ ಪಕ್ಕದ ಶೇಕಡಾವನ್ನೂ ಚೀಟಿ ನೋಡಿ ಹೊಂದಿಸಿಕೋ. ಅದರ ಮುಚ್ಚಳ ಸ್ವಲ್ಪ ದೊಡ್ಡದಿದ್ದರೆ ಇನ್ನೂ ಒಳ್ಳೆಯದು.

ನಿನ್ನ
ಅಪ್ಪ