ಮುಂಬೈ ಬಟ್ಟೆ ಗಿರಣಿಗಳ ಜಾಗದ ಚರ್ಚೆ: ಸದಸ್ಯರಿಗೆ ಒಂದು ಮಾತು

ನಮಸ್ಕಾರ. ಗಿರಣಿಗಳಿದ್ದ ಲೋವರ್ ಪರೇಲ್ ಬಡಾವಣೆಯ ಫ್ಲ್ಯಾಟ್ ಜಾಹೀರಾತು ಇಲ್ಲಿ ಬೇಡ, ಅದಕ್ಕೆ ಬೇರೆ ಗುಂಪುಗಳಿವೆ.

ಇನ್ನು, ಗಿರಣಿ ಜಾಗದಲ್ಲಿ ಕಾರ್ಮಿಕರಿಗೆ ಎಲ್ಲಾ ಸಿಕ್ಕಿದೆ ಎನ್ನುವ ಫಾರ್ವರ್ಡ್ ಮೇಲಿನ ನಿನ್ನೆಯ ಜಗಳ. ಗಿರಣಿ ಜಾಗದಲ್ಲಿ ಸುಮಾರು ಮೂರನೇ ಒಂದು ಭಾಗ ಪಾಲಿಕೆಗೆ, ಇನ್ನೊಂದು ಮ್ಹಾಡಾಗೆ (ರಾಜ್ಯ ಸರ್ಕಾರದ ವಸತಿ ಸಂಸ್ಥೆ), ಉಳಿದದ್ದು ಮಾಲೀಕರಿಗೆ ಅಂತ ಮುಂಬೈನ 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳಲ್ಲಿನ ನಿಯಮ 58 ಹೇಳಿದ್ದು ನಿಜ. ಆದರೆ 2001ರಲ್ಲಿ ಅದನ್ನು ತಿದ್ದಿ, ಇಡೀ ಜಾಗದ ಬದಲು ಕಟ್ಟಡವಿಲ್ಲದ ಖಾಲಿ ಜಾಗವನ್ನಷ್ಟೇ ಹಂಚಿದರೆ ಸಾಕು ಅಂತ ಮಾಡಿದರು. ಎಲ್ಲೆಲ್ಲೂ ಶೆಡ್ಡುಗಳೇ ಇದ್ದಾಗ ಖಾಲಿ ಜಾಗ ಎಷ್ಟು ಸಿಗುತ್ತೆ ಹೇಳಿ? 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಹಾಗಾಗಿ ಆ ಫಾರ್ವರ್ಡ್ ಅಳಿಸಿದ್ದೇನೆ.

1982ರ ಗಿರಣಿ ಕಾರ್ಮಿಕರ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರ ಮನೆಯವರು ಈ ಗುಂಪಲ್ಲೂ ಇದ್ದಾರೆ, ಸ್ವಲ್ಪ ನೋಡಿ ಬರೆಯಿರಿ. ಗಿರಣಿ ಕಾರ್ಮಿಕರಿಗೆ ಮನೆ ಹಂಚುವ ಮ್ಹಾಡಾ ಲಾಟರಿಯ ಸುದ್ದಿಯನ್ನು ಅಧಿಕೃತ ಪ್ರಕಟಣೆ ಇದ್ದರೆ ಮಾತ್ರ ಹಾಕಿ.