ಪತ್ರೊಡೆಗೆ ಎಲೆ: ಶನಿವಾರ ಸಂಜೆಯೊಳಗೆ

ಎಲ್ಲರಿಗೂ ನಮಸ್ಕಾರ.

ಭಾನುವಾರದ ಆಟಿ (ತುಳು ತಿಂಗಳು) ಕೂಟಕ್ಕೆ ಪತ್ರೊಡೆ, ಅಂದರೆ ಕೆಸುವಿನ ಎಲೆಗೆ ಅಕ್ಕಿ ಹಿಟ್ಟು ಹಚ್ಚಿ ಸುತ್ತಿ ಬೇಯಿಸುವ ತಿಂಡಿ, ಎಂದು ನಿಶ್ಚಯವಾಗಿದೆ. 5 ಕೆಜಿ ಬೆಳ್ತಿಗೆ (ಕುಚ್ಚಲಲ್ಲದ) ಅಕ್ಕಿಗೆ ಸುಮಾರು 175 ಎಲೆ ಬೇಕು. ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯವರು ಮನೆಗೆ 25ರಂತೆ ಶನಿವಾರ ಸಂಜೆ 5ರೊಳಗೆ ತಲುಪಿಸಿ.

ಮರದ ಮೇಲೆ ಬೆಳೆಯುವ ಮರಕೆಸು ಸಿಕ್ಕಿದರೆ ಭಾರೀ ಒಳ್ಳೆಯದು. ತೋಟದ ಕೆಸುವಾದರೆ ಕಪ್ಪು ದಂಟಿನ ಎಳೆ ಎಲೆ ತನ್ನಿ, ಚರಂಡಿ ಬದಿಯದ್ದು ಬೇಡವೇ ಬೇಡ. ಎಲೆಯ ಹಿಂಬದಿ ನೋಡಿ, ಹುಳದ ಮೊಟ್ಟೆ ಇದ್ದರೆ ಬಿಸಾಡಿ. ತೊಳೆದು, ಒರೆಸಿ, ದಪ್ಪ ನರ ಹೆರೆದೇ ಕೊಡಿ. ನರ ಉಳಿದರೆ ಸುರುಳಿ ಸುತ್ತುವಾಗ ಎಲೆ ಹರಿಯುತ್ತದೆ. ಕೈ ತುರಿಸುವವರು ಮೊದಲೇ ತೆಂಗಿನೆಣ್ಣೆ ಹಚ್ಚಿಕೊಳ್ಳಿ.

ಅರೆಯುವವರ ಗಮನಕ್ಕೆ: ಅಕ್ಕಿ 4 ಗಂಟೆ ನೆನೆಯಲಿ. ಕೆಜಿಗೆ ದೊಡ್ಡ ನಿಂಬೆ ಗಾತ್ರದ ಎರಡು ಉಂಡೆ ಹುಣಸೆಹುಳಿ. ಬೆಲ್ಲ ಬೇಕಾದರೆ ಕಡಿಮೆ ಮಾಡಿ, ಹುಳಿ ಕಡಿಮೆ ಮಾಡಬೇಡಿ, ತುರಿಕೆ ಮುರಿಯುವುದು ಅದೇ. ಹಿಟ್ಟು ತರಿತರಿಯಾಗಿ, ಗಟ್ಟಿಯಾಗಿರಲಿ. ದೋಸೆ ಹಿಟ್ಟಿನಷ್ಟು ನೀರಾದರೆ ಎಲೆಯಿಂದ ಜಾರುತ್ತದೆ. ಹಬೆ ಬಂದ ಮೇಲೆ ಪೂರಾ 1 ಗಂಟೆ ಬೇಯಬೇಕು. ಅರೆಬೆಂದರೆ ಗಂಟಲು ಕೆರೆಯುತ್ತದೆ. ತಣಿದ ಮೇಲೆಯೇ ಕೊಯ್ಯಿರಿ.

ಯಾರು ಎಷ್ಟು ಎಲೆ ತರುತ್ತೀರಿ ಎಂದು ಶುಕ್ರವಾರದೊಳಗೆ ಇಲ್ಲೇ ಬರೆಯಿರಿ. ಬರೀ ಹೆಬ್ಬೆರಳು ಹಾಕಿದರೆ ಲೆಕ್ಕ ಸಿಗುವುದಿಲ್ಲ.