ಒಂದೇ ಮರಕ್ಕೆ ಮತ್ತೆ ಮತ್ತೆ ಹೋಗು

ಧಾರವಾಡ,
ಸೆಪ್ಟೆಂಬರ್ ತಿಂಗಳು

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದಗಳು.

ಎರಡು ದಿನದ ರಜೆಯಲ್ಲಿ ಲಂಡನ್ನಿನ ಕ್ಯೂ, ಹೈಡ್ ಪಾರ್ಕ್, ರೀಜೆಂಟ್ಸ್ ಪಾರ್ಕ್, ರಿಚ್ಮಂಡ್ ಎಲ್ಲ ಮುಗಿಸುತ್ತೇನೆ ಎಂದು ಬರೆದಿದ್ದಿ. ಹಂಗ ಮಾಡಬ್ಯಾಡವ್ವಾ. ಕ್ಯೂ ತೋಟವೇ 330 ಎಕರೆ ಇದೆ, ರಿಚ್ಮಂಡ್ ಪಾರ್ಕ್ ಹತ್ತಿರ ಹತ್ತಿರ 2,500 ಎಕರೆ. ಓಡುತ್ತ ನೋಡಿದರೆ ನಾಲ್ಕೂ ಒಂದೇ ಹಸಿರಾಗಿ ಕಾಣುತ್ತವೆ. ಈ ವರ್ಷ ರಿಚ್ಮಂಡ್ ಹಿಡಿ. ಅಲ್ಲೊಂದು ಓಕ್ ಮರ ಆರಿಸಿಕೊಂಡು, ಹದಿನೈದು ದಿನಕ್ಕೊಮ್ಮೆ ಅಲ್ಲೀತನಕ ನಡೆದುಹೋಗಿ ಬಾ.

ಮರ ಆರಿಸುವಾಗ ಟೊಂಗೆಗಳ ಕೆಳಗಿನ ಅಂಚು ನೋಡು. ಎಲ್ಲ ಮರಗಳಲ್ಲೂ ಎಲೆ ಒಂದೇ ಮಟ್ಟಕ್ಕೆ, ದಾರ ಹಿಡಿದು ಕತ್ತರಿಸಿದ ಹಾಗೆ ನಿಂತಿರುತ್ತದೆ. ಆ ಪಾರ್ಕಿನಲ್ಲಿ ಮೇಯುವ ಜಿಂಕೆ ಕತ್ತು ಚಾಚಿದರೆ ನಿಲುಕುವ ಎತ್ತರ ಅದು. ನಮ್ಮ ಹೊಲದ ಬದುವಿನ ಬನ್ನಿಗಿಡಕ್ಕೆ ಆಡು ಮಾಡುವ ಕೆಲಸವನ್ನು ಅಲ್ಲಿ ಜಿಂಕೆ ಮಾಡುತ್ತದೆ. ಅದಕ್ಕೇ ನೀನು ಕೈ ಎತ್ತಿದರೆ ಸಿಗುವ ಟೊಂಗೆ ಇರುವ ಮರ ಹುಡುಕಿಕೋ. ಬಹಳ ಹಳೆಯ ಮರಗಳ ಬುಡಕ್ಕೆ ಬೇಲಿ ಹಾಕಿದ್ದರೆ ಒಳಗೆ ಕಾಲಿಡಬೇಡ. ತುಳಿದೂ ತುಳಿದೂ ಮಣ್ಣು ಗಟ್ಟಿಯಾದರೆ ಬೇರಿಗೆ ಗಾಳಿ, ನೀರು ಇಳಿಯುವುದಿಲ್ಲ.

ಈಗಿನ ದಿನಗಳಲ್ಲಿ ಎಳೆಯ ಓಕ್ ಟೊಂಗೆಗಳ ಮೇಲೆ ಗೋಲಿಯಷ್ಟು ದೊಡ್ಡ, ಗುಂಡಗಿನ, ಕಂದು ಬಣ್ಣದ ಗಂಟು ಸಿಗಬಹುದು. ಕಾಯಿ ಅಂದುಕೊಳ್ಳುತ್ತಿ. ಓಕ್ ಕಾಯಿ ಬೇರೆ, ಅದು ಬಟ್ಟಲಲ್ಲಿ ಕೂತಿರುತ್ತದೆ. ಈ ಗಂಟನ್ನು ಕಟ್ಟಿಸಿದ್ದು ಸಣ್ಣದೊಂದು ಕಣಜ. ಅದು ಮೊಗ್ಗಿನೊಳಗೆ ಮೊಟ್ಟೆ ಇಟ್ಟಾಗ, ಚಿಗುರಾಗಬೇಕಿದ್ದ ಮೊಗ್ಗು ಮರಿಹುಳದ ಸುತ್ತ ಗಂಟಾಗಿ ಬೆಳೆಯುತ್ತದೆ. ಹುಳಕ್ಕೆ ಅದೇ ಮನೆ, ಅದೇ ಊಟ. ತಿರುಗಿಸಿ ನೋಡು, ಸೂಜಿ ಚುಚ್ಚಿದಂಥ ದುಂಡು ತೂತು ಇದ್ದರೆ ಕಣಜ ಹಾರಿಹೋಗಿದೆ. ಕೂಸಿಗೆ ತೇಯ್ದು ನೆಕ್ಕಿಸುವ ಗುಟ್ಟಿಯಲ್ಲಿ ಮಾಚಿಕಾಯಿ ಇರುತ್ತದಲ್ಲ, ಅದೂ ಇಂಥದೇ ಓಕ್ ಗಂಟು, ಓಕ್ ಜಾತಿ ಮಾತ್ರ ಬೇರೆ. ಹೆಸರಿನಲ್ಲಿ ಕಾಯಿ ಇದ್ದರೂ ಅದು ಕಾಯಲ್ಲ. ಯುರೋಪಿನಲ್ಲಿ ಶತಮಾನಗಳ ಕಾಲ ಕಾಗದಪತ್ರ ಬರೆದ ಕಪ್ಪು ಶಾಯಿಯನ್ನೂ ಇಂಥ ಗಂಟಿಗೆ ಕಬ್ಬಿಣದ ಉಪ್ಪು ಸೇರಿಸಿಯೇ ಮಾಡುತ್ತಿದ್ದರು. ಮುಟ್ಟಿ ನೋಡು, ಆದರೆ ಕೀಳಬೇಡ.

ನವೆಂಬರ್ ಮುಗಿಯುವಷ್ಟರಲ್ಲಿ ಎಲೆ ಉದುರುತ್ತದೆ. ಆಗ ನೋಡುವುದೇನೂ ಇಲ್ಲ ಎಂದು ಹೋಗುವುದು ಬಿಡಬೇಡ, ಗುರುತು ಹಿಡಿಯುವುದನ್ನು ಕಲಿಯಲು ಅದೇ ಒಳ್ಳೆಯ ಕಾಲ. ಓಕ್ ಆದರೆ ಟೊಂಗೆಯ ತುದಿಯಲ್ಲಿ ಮೊಗ್ಗುಗಳು ಗುಂಪಾಗಿ ಇರುತ್ತವೆ. ಆಶ್ ಮರದ ಮೊಗ್ಗು ಮಸಿಯಂತೆ ಕಪ್ಪು. ಹಾರ್ಸ್ ಚೆಸ್ಟ್‌ನಟ್ ಮೊಗ್ಗು ಬೆರಳಿಗೆ ಅಂಟುತ್ತದೆ. ಪ್ರತಿಸಲ ಅದೇ ಟೊಂಗೆಯ ಫೋಟೊ, ಅದೇ ಜಾಗದಲ್ಲಿ ನಿಂತು ತೆಗೆ. ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಚಿಗುರೊಡೆದಾಗ ಹೋಲಿಸಿ ನೋಡಲು ಬರುವುದಿಲ್ಲ.

ಇನ್ನು ಜಾಗ್ರತೆಯ ಮಾತು. ಸೆಪ್ಟೆಂಬರ್, ಅಕ್ಟೋಬರ್ ಗಂಡು ಜಿಂಕೆಗಳು ಬೆದೆಗೆ ಬಂದು ಕಾದಾಡುವ ಕಾಲ. 50 ಮೀಟರಿಗಿಂತ ಹತ್ತಿರ ಹೋಗಬೇಡ. ಗಂಡು, ಹೆಣ್ಣುಗಳ ನಡುವೆ ಹಾಯ್ದು ಹೋಗಲೇಬೇಡ. ಎತ್ತರದ ಹುಲ್ಲು, ಜರಿಗಿಡಗಳಲ್ಲಿ ಉಣ್ಣಿ ಇರುತ್ತವೆ, ಕೆಲವು ಲೈಮ್ ಎಂಬ ಸೋಂಕುರೋಗ ತರುತ್ತವೆ. ಉದ್ದ ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿಕೋ. ಮನೆಗೆ ಬಂದಮೇಲೆ ಮೊಣಕಾಲಿನ ಹಿಂದೆ, ತೊಡೆಸಂದು, ಕಂಕುಳು ತಡವಿ ನೋಡು. ಕಚ್ಚಿಕೊಂಡಿದ್ದರೆ ಸಣ್ಣ ಮೊನೆಯ ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನಿಧಾನಕ್ಕೆ ನೆಟ್ಟಗೆ ಎಳೆ. ಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು ಬೇಡ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ಹರಡುತ್ತ ಹೋದರೆ ಡಾಕ್ಟರಿಗೆ ತೋರಿಸು.

ಲಂಡನ್ನಿನ ಜೇಡಿಮಣ್ಣು ನಮ್ಮ ಎರಿಮಣ್ಣಿನ ಗುಣದ್ದೇ, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಚಳಿಗಾಲದಲ್ಲಿ ಅಡಿಯಲ್ಲಿ ಆಳ ಗೆರೆಗಳಿರುವ ಬೂಟು ಬೇಕು. ನೆನೆದ ಬೂಟನ್ನು ಹೀಟರ್ ಮೇಲೆ ಇಡಬೇಡ, ತೊಗಲು ಒಡೆಯುತ್ತದೆ. ಒಳಗೆ ಹಳೆಯ ಪೇಪರ್ ತುರುಕಿ ನೆರಳಲ್ಲಿ ಇಡು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಯೊಳಗೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಊಟ ಮಾಡಿ ಹೊರಟರೆ ತಡವಾಯಿತು.

ಕ್ಯೂಗೆ ಹೋಗುವುದಾದರೆ ಕೊರೆಯುವ ಚಳಿಯ ದಿನ ಹೋಗು. 1848ರಲ್ಲಿ ಕಟ್ಟಿ ಮುಗಿಸಿದ ಅಲ್ಲಿನ ಪಾಮ್ ಹೌಸ್ ಒಳಗೆ ಕಾಲಿಟ್ಟರೆ ಜೂನ್ ತಿಂಗಳ ಶಿರಸಿಯ ಸೆಕೆ. ಕನ್ನಡಕ, ಕ್ಯಾಮೆರಾ ಎರಡಕ್ಕೂ ಮಂಜು ಕಟ್ಟುತ್ತದೆ. ಲೆನ್ಸ್ ಒರೆಸುತ್ತ ಕೂಡಬೇಡ. ಕ್ಯಾಮೆರಾ ಚೀಲದೊಳಗೇ ಇದ್ದು ಬೆಚ್ಚಗಾಗಲಿ, ಆಮೇಲೆ ತೆಗೆ.

ಜನವರಿಯಲ್ಲಿ ಊರಿಗೆ ಬಂದಾಗ ಮೊದಲು ನಮ್ಮ ಓಣಿಯ ಹುಲಗಲ (ಹೊಂಗೆ) ಮರದ ಎಲೆ ಹಿಡಿದು ನೋಡು. ಬೆರಳಿನಂಥ ಗಂಟುಗಳು ಎದ್ದಿರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಕಟ್ಟಿಸಿದ್ದು ಅವು. ಓಕ್ ಗಂಟು ನೋಡಿ ಬಂದ ಕಣ್ಣಿಗೆ ಥಟ್ಟನೆ ಗುರುತು ಸಿಗುತ್ತದೆ.

ಮರುದಿನ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗೋಣ. 2024ರಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ, ಸೇರಿದ ಕೆರೆ ಅದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಮಾರ್ಚ್‌ವರೆಗೂ ಅಲ್ಲಿರುತ್ತವೆ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟಿ, ಅದೇ ಗುರುತು. ಮುಂಜಾನೆ ಮೂಡಣ ದಂಡೆಯಲ್ಲಿ ನಿಂತರೆ ಸೂರ್ಯ ಬೆನ್ನಿಗಿರುತ್ತಾನೆ, ಪಟ್ಟಿ ಸ್ಪಷ್ಟ ಕಾಣುತ್ತದೆ. ಎದುರು ದಂಡೆಯಿಂದ ನೋಡಿದರೆ ಬರೀ ಕಪ್ಪು ಆಕಾರಗಳು. ಮೇಯುತ್ತಿದ್ದ ಹಕ್ಕಿಗಳು ಒಮ್ಮೆಲೇ ಕತ್ತೆತ್ತಿ ನಿಂತವೆಂದರೆ ನಾವು ಹತ್ತಿರವಾದೆವು ಎಂದರ್ಥ. ಅಲ್ಲಿಂದ ಹತ್ತು ಹೆಜ್ಜೆ ಹಿಂದೆ ಸರಿದು ಸುಮ್ಮನೆ ಕೂತರೆ ಮತ್ತೆ ತಲೆ ತಗ್ಗಿಸುತ್ತವೆ.

ದುರ್ಬೀನು ಅಲ್ಲೇ ಕೊಳ್ಳುವುದಾದರೆ 8×42, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು, ತಗೋ. ಹತ್ತು ಪಟ್ಟಿನದು ಕೈಯಲ್ಲಿ ಹೆಚ್ಚು ಅಲುಗಾಡುತ್ತದೆ. ಕೆಂಪು, ಬಿಳಿ ಬಣ್ಣದ ಜಾಕೀಟು ಬಿಟ್ಟು ಮಣ್ಣಿನ ಬಣ್ಣದ್ದು ತಾ. ರೊಟ್ಟಿ, ಶೇಂಗಾ ಚಟ್ನಿ ನಾ ಕಟ್ಟಿಕೊಂಡು ಬರ್ತೀನಿ.

ನಿನ್ನ ಅವ್ವ